ಹೊಲದ ಮನೆಯ ಪಡುವಲ ಕಿಟಕಿ

ಹೊಲದ ಮನೆ ಅಂದರೆ ಬೆಂಗಳೂರಿನವರು ಫಾರ್ಮ್‌ಹೌಸ್ ಅಂದುಕೊಳ್ಳುತ್ತಾರೆ. ತೆಕ್ಕಲಕೋಟೆ ಸುತ್ತಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಕೋಣೆ, ಮುಂದೆ ತಗಡು ಇಳಿಸಿದ ಜಾಗ, ಪಕ್ಕದಲ್ಲಿ ಬೇವಿನ ಮರ, ಹುಲ್ಲಿನ ಬಣವೆ, ಎಮ್ಮೆ ಕಟ್ಟುವ ಗೂಟ. ನಾಟಿ ಹೊತ್ತಿಗೆ ಒಂದಷ್ಟು ದಿನ, ಕೊಯ್ಲಿನ ಹೊತ್ತಿಗೆ ಒಂದಷ್ಟು ದಿನ, ನೀರಿನ ಪಾಳಿ ರಾತ್ರಿ ಬಂದರೆ ಆ ರಾತ್ರಿ, ಇಷ್ಟೇ ಅದರ ಬಳಕೆ. ಮಿಕ್ಕ ದಿನ ಬೀಗ.

ನಮ್ಮ ಹೊಲ ತುಂಗಭದ್ರಾ ಎಲ್‌ಎಲ್‌ಸಿ ಕಾಲುವೆಯ ಕೆಳಗೆ ಬರುತ್ತದೆ. ಹಾಗಾಗಿ ನಮ್ಮ ಹೊಲದ ಮನೆಯ ಬೀಗದ ಕೈ ಒಂದು ಲೆಕ್ಕದಲ್ಲಿ ಹೊಸಪೇಟೆಯಲ್ಲಿದೆ. ಅಣೆಕಟ್ಟು ತುಂಬಿದರೆ ಎರಡು ಬೆಳೆ, ಮನೆಯೂ ಎರಡು ಸಲ ತೆರೆಯುತ್ತದೆ. ತುಂಬದಿದ್ದರೆ ಡಿಸೆಂಬರಿನಲ್ಲಿ ಭತ್ತ ಒಕ್ಕಿ ಬೀಗ ಹಾಕಿದರೆ ಮುಂದಿನ ಮುಂಗಾರಿನವರೆಗೆ ಅತ್ತ ಯಾರೂ ಹೋಗುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಹಾಗೇ ಆಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ಗೇಟು ಕೊಚ್ಚಿಕೊಂಡು ಹೋದಾಗ ಊರಲ್ಲಿ ಯಾರೂ ಮಲಗಲಿಲ್ಲ, ಎಲ್ಲರೂ ಮೊಬೈಲ್ ಹಿಡಿದು ಕೂತಿದ್ದರು. ಆಮೇಲೆ ತಡೆ ತಗಡು ಇಳಿಸಿದರು, ಮತ್ತೆ ಮಳೆ ಬಂತು, ಎರಡನೇ ಬೆಳೆಗೂ ನೀರು ಸಿಕ್ಕಿತು. ಈ ಸಲ 33 ಗೇಟುಗಳನ್ನೂ ಹೊಸದಾಗಿ ಕೂರಿಸುವ ಕೆಲಸ ಇದೆಯೆಂದು ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಬದುಗಳ ನಡುವೆ ಎರೆ ಮಣ್ಣು ಕೈ ಹೋಗುವಷ್ಟು ಬಿರಿದು ಬಿದ್ದಿದೆ.

ಬೆಳೆಯಿಲ್ಲದ ಮೇಲೆ ಹೊಲದ ಮನೆಯಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನಮ್ಮ ಅತ್ತೆಯೂ ಅದನ್ನೇ ಕೇಳಿದಳು. ಕೇಳಿದ್ದು ತಾತನನ್ನು.

ತಾತನಿಗೆ ಎಂಬತ್ತು ದಾಟಿದೆ. ಎರಡು ಎಮ್ಮೆ ಹೊಲದಲ್ಲಿವೆ, ಮೊದಲ ಬೆಳೆಯ ಹುಲ್ಲಿನ ಬಣವೆ ಅಲ್ಲಿದೆ, ನೀರಿಲ್ಲದ ವರ್ಷ ಹುಲ್ಲಿಗೆ ಬಂಗಾರದ ಬೆಲೆ. ಇದು ತಾತ ಹೇಳುವ ಕಾರಣ. ನಿಜವಾದ ಕಾರಣ ಊರ ಮನೆ. ಐದು ವರ್ಷದ ಹಿಂದೆ ಹಳೇ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದೆವು. ಜಾರುವ ಗಾಜಿನ ದೊಡ್ಡ ಕಿಟಕಿ ಇಟ್ಟೆವು. ನೋಡಲು ಚಂದ. ಮಾರ್ಚ್ ಬಂತೆಂದರೆ ಹಗಲೆಲ್ಲ ಕುಡಿದ ಬಿಸಿಲನ್ನು ಆ ಸ್ಲ್ಯಾಬು ರಾತ್ರಿ ಹನ್ನೆರಡರವರೆಗೆ ನಮ್ಮ ಮೇಲೆ ಉಗುಳುತ್ತದೆ.

"ಅಲ್ಲಿ ಗಾಳಿ ಐತಿ. ಇಲ್ಲಿ ಏನೈತಿ? ಒಲಿಯಾಗ ಮಕ್ಕಂಡಂಗ ಆಗತೈತಿ," ಅಂದ ತಾತ.

"ಹೋದ ವರ್ಷ ಡ್ರಿಪ್ ಹಾಕಿಸ್ಕಂಡು ಬಂದಿದ್ದು ಮರ್ತೀಯೇನಪ್ಪ?" ಅಂದಳು ಅತ್ತೆ.

ಅತ್ತೆ ಹೇಳಿದ್ದು ಸುಳ್ಳಲ್ಲ. ಹೋದ ವರ್ಷ ಏಪ್ರಿಲಿನಲ್ಲಿ ಎರಡನೇ ಬೆಳೆ ತೆನೆ ಬಾಗಿ ನಿಂತಿತ್ತು. ತಾತ ಹೊಲದ ಮನೆಯಲ್ಲಿದ್ದ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಪಕ್ಕದ ಹೊಲದ ಟ್ರ್ಯಾಕ್ಟರ್ ಹುಡುಗ ನೀರು ಕೇಳಲು ಹೋದಾಗ ತಾತ ಹೊರಸಿನ ಮೇಲೆ ಬಿದ್ದಿದ್ದ. ಮೈ ಕೆಂಡ, ಮಾತು ತೊದಲು. ಆ ಹುಡುಗನೇ ಒದ್ದೆ ಟವೆಲ್ ಸುತ್ತಿ, ಟ್ರ್ಯಾಕ್ಟರಿನಲ್ಲೇ ಆಸ್ಪತ್ರೆಗೆ ತಂದ. ಎರಡು ದಿನ ಬಾಟಲಿ ಏರಿಸಿ ಕಳಿಸಿದರು. ಬಿಸಿಲಿಗೆ ಹೊಲದಲ್ಲಿ ಓಡಾಡಿದ್ದಾನೆ ಅಂತ ಎಲ್ಲರೂ ಬೈದರು. ತಾತ ಬಾಯಿ ಬಿಡಲಿಲ್ಲ.

ಈ ಫೆಬ್ರವರಿಯಲ್ಲಿ ಅತ್ತೆ ಅದೇ ಮಾತು ತೆಗೆದಾಗ ಮೊದಲ ಸಲ ಬಾಯಿ ಬಿಟ್ಟ. "ಬಿಸಲು ಬಡದಿದ್ದು ಹೊಲ್ದಾಗಲ್ಲವ್ವ, ಮನ್ಯಾಗ. ಪಡುವಲ ಕಿಟಿಕಿ ಕದ ಹಾಕಾಕ ಬರ್ಲಿಲ್ಲ."

ಕದ ಜೋತು ಬಿದ್ದು ಚೌಕಟ್ಟಿಗೆ ಸಿಕ್ಕಿಕೊಂಡಿತ್ತಂತೆ. ಎರಡು ಕೈಯಲ್ಲಿ ಎತ್ತಿ ನೂಕಿದರೆ ಮಾತ್ರ ಸಾಗುತ್ತಿತ್ತು. ತಾತನ ಎಡಗೈ ಹೆಗಲ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಅವತ್ತು ಕದ ಹಾಕಲಾಗದೆ ಬಿಟ್ಟ. ಎರಡು ಗಂಟೆಯಿಂದ ಪಡುವಣದ ಬಿಸಿಲು ನೇರ ಹೊರಸಿನ ಮೇಲೆ. ಎದ್ದು ಹೊರಸು ಸರಿಸುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು.

ಒಂದು ವರ್ಷ ಈ ಮಾತು ಹೇಳದೇ ಇಟ್ಟುಕೊಂಡಿದ್ದ. ಕಿಟಕಿ ಕದ ಹಾಕುವ ಶಕ್ತಿ ಇಲ್ಲ ಅಂದರೆ ಹೊಲಕ್ಕೆ ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಅತ್ತೆ ಸುಮ್ಮನಾದಳು. ಅಪ್ಪ ಹೇಳಿದ, "ಒಂದ್ ಕೈಯಾಗ ಕದ ಹಾಕಂಗ ಆದ್ರ ಹೋಗ್ಲಿ. ಆಗ್ಲಿಲ್ಲಂದ್ರ ಬ್ಯಾಡ." ಹಾಗೆ ಈ ಕೆಲಸ ನಮ್ಮ ಪಾಲಿಗೆ ಬಂತು. ನಾವು ಅಂದರೆ ಮೊಮ್ಮಕ್ಕಳು ಮೂವರು. ಒಬ್ಬ ಬಳ್ಳಾರಿಯಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ, ಒಬ್ಬಳು ಸಿರುಗುಪ್ಪದಲ್ಲಿ ಡಿಗ್ರಿ ಓದುತ್ತಾಳೆ, ಇನ್ನೊಬ್ಬರು ಪತ್ರಿಕೋದ್ಯಮ ಮುಗಿಸಿ ಇಲ್ಲಿ ಬರೆಯುವವರ ಪೈಕಿ. ಯಾರು ಏನು ಮಾಡಿದರೆಂದು ಬಿಡಿಸಿ ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ. ನಾವು ಅಂದರೆ ಸಾಕು.

ಶಿವರಾತ್ರಿ ಫೆಬ್ರವರಿ 15ಕ್ಕೆ ಮುಗಿಯಿತು. ಯುಗಾದಿ ಮಾರ್ಚ್ 19ಕ್ಕೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ ನಮ್ಮ ಕಡೆ ವಸಂತ ಅನ್ನುವುದು ಪಂಚಾಂಗದಲ್ಲಿ ಮಾತ್ರ. ಬೇವು ಹೂ ಬಿಡುವುದರೊಳಗೆ ಬೇಸಿಗೆ ಬಂದು ಕೂತಿರುತ್ತದೆ. ಕೆನಡಾದಂಥ ಚಳಿ ದೇಶಗಳಲ್ಲಿ ಕಾಡಿನ ಅಂಚಿಗೆ, ಕೆರೆ ದಂಡೆಗೆ ಇಂಥವೇ ಬೀಗ ಹಾಕಿಟ್ಟ ಮರದ ಮನೆಗಳಿರುತ್ತವೆ. ಅಲ್ಲಿಯವರು ವಸಂತಕ್ಕೆ ಹೋಗಿ ಚಳಿಗೆಂದು ಹಾಕಿದ್ದ ಎರಡನೇ ಗಾಜಿನ ಕಿಟಕಿ ಬಿಚ್ಚಿ, ಸೊಳ್ಳೆ ಜಾಲರಿ ಹಾಕಿ, ಬಿಸಿಲು ಒಳಗೆ ಬರಲಿ ಅಂತ ಕಾಯುತ್ತಾರೆ. ನಮ್ಮದು ಉಲ್ಟಾ. ನಾವು ಇದೇ ಹೊತ್ತಿಗೆ ಹೋಗಿ ಕದ ಗಟ್ಟಿ ಮುಚ್ಚುತ್ತದೋ ಇಲ್ಲವೋ ನೋಡುತ್ತೇವೆ.

ಬಾಗಿಲು ತೆರೆದಾಗ ಮೂರು ತಿಂಗಳ ಮುಚ್ಚಿದ ವಾಸನೆ. ಮೂಲೆಯಲ್ಲಿ ಇಲಿ ತೋಡಿದ ಮಣ್ಣು, ಮೊಳೆಗೆ ನೇತುಹಾಕಿದ್ದ ಕಂದೀಲಿನ ಗಾಜಿನಲ್ಲಿ ಜೇಡ. ಮುಚ್ಚಿದ ಮನೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಬೇಕು ಅಂತ ತಾತ ಹೇಳಿ ಕಳಿಸಿದ್ದ. ಬಡಿದೆವು. ಕಿಟಕಿ ಕಟ್ಟೆಯ ಸಂದಿನಿಂದ ಒಂದು ಚೇಳು ಇಳಿದು ಹೋಯಿತು. ಭತ್ತದ ಹೊಲದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಹಾವು ಬರುತ್ತದೆ, ಆದ್ದರಿಂದ ಈ ಬಡಿಯುವ ಕೆಲಸವನ್ನು ತಮಾಷೆ ಅಂದುಕೊಳ್ಳಬೇಡಿ.

ಕೋಣೆಗೆ ಮೂರು ಕಿಂಡಿ. ಮೂಡಲಿಗೆ ಒಂದು ಕಿಟಕಿ, ಪಡುವಲಿಗೆ ಒಂದು ಕಿಟಕಿ, ಬಡಗಣ ಗೋಡೆಯಲ್ಲಿ ಮಾಳಿಗೆಗೆ ತಾಗಿದಂತೆ ಒಂದು ಬೆಳಕಿಂಡಿ. ಕದಗಳು ಬೇವಿನ ಕಟ್ಟಿಗೆಯವು, ನಮ್ಮ ಹೊಲದ್ದೇ ಮರ. ಗಾಜು ಇಲ್ಲ. ಗೋಡೆ ಕಲ್ಲು ಮತ್ತು ಮಣ್ಣಿನದು, ಒಂದೂವರೆ ಮೊಳ ದಪ್ಪ. ಮೇಲೆ ಹಳೇ ಮಣ್ಣಿನ ಮಾಳಿಗೆ. ಊರ ಮನೆಯದನ್ನು ಕೆಡವಿದವರು ಇದನ್ನು ಬಿಟ್ಟಿದ್ದು ದುಡ್ಡು ಸಾಲದೆ. ಈಗ ನೋಡಿದರೆ ಅದೇ ಉಳಿದ ಪುಣ್ಯ.

ಮೊದಲ ದಿನ ನಾವು ಪಡುವಲ ಕದ ನೂಕಿ ನೋಡಿದೆವು. ಸಲೀಸಾಗಿ ಸಾಗಿತು! ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಾತ ಸುಳ್ಳು ಹೇಳಿದನೇ? ಕದದ ಸುತ್ತ ಬೆರಳು ತೂರುವಷ್ಟು ಸಂದು, ಅದರಲ್ಲಿ ಬಿಸಿಲಿನ ಗೆರೆ.

ಬಡಿಗೇರ ಮಾಮ ಬಂದು ನಕ್ಕ. ಅವನು ಈ ಕೆಲಸದಲ್ಲಿ ನಲವತ್ತು ವರ್ಷದಿಂದ ಇದ್ದಾನೆ. "ಹೋದ ವರ್ಷ ಸುತ್ತ ನೀರು ನಿಂತಿತ್ತಿಲ್ಲ? ಈ ವರ್ಷ ನೋಡ್ರಿ, ನೆಲ ಒಣಗಿ ಬಿರುಕು ಬಿಟ್ಟೈತಿ. ಕಟ್ಟಿಗೀನೂ ಹಂಗ."

ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕೂತ ಅಡಿಪಾಯ ವರ್ಷಕ್ಕೊಂದು ಸಲ ಮೇಲೆ ಕೆಳಗೆ ಆಡುತ್ತದೆ. ಗೋಡೆ ಆಡಿದರೆ ಕಿಟಕಿಯ ಚೌಕಟ್ಟು ಚೌಕ ತಪ್ಪುತ್ತದೆ. ಜೊತೆಗೆ ಕಟ್ಟಿಗೆಯೂ ಹಾಗೇ, ಗದ್ದೆಯ ತೇವದ ಗಾಳಿ ಇದ್ದಾಗ ಉಬ್ಬಿ ಅಗಲವಾಗುತ್ತದೆ, ಒಣ ಗಾಳಿಗೆ ಸೊರಗುತ್ತದೆ. ನೀರಿರುವ ವರ್ಷ ಕದ ಸಿಕ್ಕಿಕೊಳ್ಳುತ್ತದೆ, ನೀರಿಲ್ಲದ ವರ್ಷ ಸಂದು ಬಿಡುತ್ತದೆ. ಮನೆ ಕಟ್ಟಿದವರೆಲ್ಲ ನಮ್ಮ ಸೀಮೆಯಲ್ಲಿ ಗೋಡೆ ಸೀಳಿದೆಯೆಂದು ಮೇಸ್ತ್ರಿಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಮಣ್ಣಿನದು.

ಚೌಕಟ್ಟು ಚೌಕ ಇದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಒಂದು ದಾರ ತಗೊಂಡು ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆಗೆ ಹಿಡಿದು ಗಂಟು ಹಾಕಿ, ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿಯಿರಿ. ಎರಡೂ ಸಮ ಇದ್ದರೆ ಚೌಕ. ನಮ್ಮ ಪಡುವಲ ಚೌಕಟ್ಟಿನಲ್ಲಿ ಅರ್ಧ ಬೆರಳಿನಷ್ಟು ವ್ಯತ್ಯಾಸ ಬಂತು. ಅಷ್ಟಕ್ಕೇ ಕದ ಸಿಕ್ಕಿಕೊಳ್ಳಲು ಸಾಕು.

ಕದ ಸಿಕ್ಕಿಕೊಂಡರೆ ನಾವೆಲ್ಲ ಮೊದಲು ಮಾಡುವುದು ಹತ್ತರಿ ಹೊಡೆಸುವುದು. ಮಾಮ ಹತ್ತರಿ ಚೀಲದಿಂದ ಹೊರಗೇ ತೆಗೆಯಲಿಲ್ಲ. ಈಗ ಹೊಡೆದರೆ ಸಂದು ಇನ್ನೂ ದೊಡ್ಡದು. ನೀರು ಬಂದ ವರ್ಷ ಹೊಡೆದರೆ ಮುಂದಿನ ಒಣ ವರ್ಷ ಕಿಟಕಿ ಇದ್ದೂ ಇಲ್ಲದಂತೆ. ಅವನು ಬಿಜಾಗರಿ ಕಡೆ ಬೆರಳು ತೋರಿಸಿದ. ಮೇಲಿನ ಬಿಜಾಗರಿಯ ಮೂರು ಸ್ಕ್ರೂಗಳಲ್ಲಿ ಎರಡು ಕೈಯಲ್ಲೇ ಕಿತ್ತು ಬಂದವು. ಮೇಲಿನದು ಸಡಿಲಾದಾಗ ಕದದ ಭಾರವೆಲ್ಲ ಮುಂದಿನ ಮೂಲೆಗೆ ಬಂದು, ಅದು ನೆಲದ ಕಡೆ ಜೋತು ಬೀಳುತ್ತದೆ. ತಾತ ಎತ್ತಿ ನೂಕಬೇಕಾಗಿ ಬಂದದ್ದು ಇದಕ್ಕೇ.

ರಿಪೇರಿ ಮಾಡಿದ್ದು ಹೀಗೆ. ಕದದ ಕೆಳಗೆ ಕಟ್ಟಿಗೆ ಬೆಣೆ ಕೊಟ್ಟು ಸಮ ಎತ್ತರಕ್ಕೆ ನಿಲ್ಲಿಸಿದೆವು. ಬಿಜಾಗರಿ ಬಿಚ್ಚಿ, ಅಗಲವಾಗಿದ್ದ ಹಳೇ ತೂತುಗಳಿಗೆ ಬಿದಿರಿನ ಸೀಳನ್ನು ಫೆವಿಕಾಲ್ ಹಚ್ಚಿ ಬಡಿದು, ಒಂದು ರಾತ್ರಿ ಒಣಗಲು ಬಿಟ್ಟೆವು. ಮಾರನೇ ದಿನ ಅರ್ಧ ಇಂಚು ಉದ್ದ ಜಾಸ್ತಿ ಇರುವ ಸ್ಕ್ರೂ. ಎರಡು ಬಿಜಾಗರಿ ಇದ್ದಲ್ಲಿ ನಡುವೆ ಮೂರನೆಯದೊಂದು. ಬಿಜಾಗರಿಗೆ ಎರಡು ಹನಿ ಎಣ್ಣೆ. ಹೊಸ ಕದ ಮಾಡಿಸಿದ್ದರೆ ಸಾವಿರಾರು ಆಗುತ್ತಿತ್ತು. ಮಾಮನ ಕೂಲಿ ಬಿಟ್ಟರೆ ಇದಕ್ಕೆ ಆದ ಖರ್ಚು ಒಂದು ಊಟದ ದುಡ್ಡು.

ಸಂದು ಮುಚ್ಚಲು ಮಾಮ ಬೇರೆ ಉಪಾಯ ಮಾಡಿದ. ಕದಕ್ಕೆ ಏನೂ ಅಂಟಿಸಲಿಲ್ಲ. ಚೌಕಟ್ಟಿನ ಒಳಗಡೆ ಎರಡು ಬೆರಳು ಅಗಲದ ಕಟ್ಟಿಗೆ ಪಟ್ಟಿ ಹೊಡೆದ. ಕದ ಮುಚ್ಚಿದಾಗ ಆ ಪಟ್ಟಿಗೆ ಬಂದು ಒರಗುತ್ತದೆ. ಕದ ಉಬ್ಬಲಿ, ಸೊರಗಲಿ, ಪಟ್ಟಿ ಸಂದನ್ನು ಮುಚ್ಚೇ ಇರುತ್ತದೆ.

ಇನ್ನು ಚಿಲಕ. ಹಳೆಯದು ಕಬ್ಬಿಣದ ಸಣ್ಣ ಚಿಲಕ, ತುಕ್ಕು ಹಿಡಿದು ಎರಡು ಬೆರಳಲ್ಲಿ ಹಿಡಿದು ತಿರುಚಬೇಕಿತ್ತು. ತಾತನನ್ನು ಕರೆದುಕೊಂಡು ಬಂದು ನಿಲ್ಲಿಸಿದೆವು. ಎಲ್ಲಿ ಕೈ ಸುಲಭವಾಗಿ ಹೋಗುತ್ತದೆ ತೋರಿಸು ಅಂದೆವು. ಅವನು ಹೊರಸಿನ ಮೇಲೆ ಕೂತು ಬಲಗೈ ಚಾಚಿದ. ನಾವು ನಿಂತು ಹಾಕುವ ಎತ್ತರ ಲೆಕ್ಕ ಮಾಡಿಕೊಂಡಿದ್ದೆವು, ಅವನಿಗೆ ಬೇಕಾದದ್ದು ಕೂತು ಹಾಕುವ ಎತ್ತರ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಮಾಮ ಅಲ್ಲಿ ಅಂಗೈ ಉದ್ದದ ಬೇವಿನ ಕಟ್ಟಿಗೆ ತುಂಡನ್ನು ಒಂದೇ ಬೋಲ್ಟಿಗೆ ಕೂರಿಸಿದ. ಅಡ್ಡ ತಿರುಗಿಸಿದರೆ ಮುಚ್ಚಿತು, ಉದ್ದ ತಿರುಗಿಸಿದರೆ ತೆರೆಯಿತು. ಬೆರಳೇ ಬೇಡ, ಮುಷ್ಟಿಯಿಂದ ತಟ್ಟಿದರೂ ತಿರುಗುತ್ತದೆ. ಕದ ಎಳೆದುಕೊಳ್ಳಲು ಹಳೇ ಎಮ್ಮೆ ಹಗ್ಗದ ಒಂದು ಕುಣಿಕೆ.

ತಾತ ಮೂರು ಸಲ ಹಾಕಿ ತೆಗೆದ. ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡು ಹಾಕಿದ. "ರಾತ್ರಿ ಲೈಟು ಇರಂಗಿಲ್ಲ," ಅಂದ.

ಹೊಲದ ಲೈನಿನ ಕರೆಂಟು ನಂಬಿ ಕೂರುವ ಹಾಗಿಲ್ಲ, ಅದು ನಿಮಗೆ ಗೊತ್ತಿರುವುದೇ. ಫ್ಯಾನು ಇದ್ದರೂ ಒಂದು ಮಿತಿ ಇದೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಹಾಕಿಕೊಳ್ಳಬೇಡಿ, ಅದು ಮೈ ತಂಪು ಮಾಡುವ ಬದಲು ಬಿಸಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬಳ್ಳಾರಿ ಜಿಲ್ಲೆಯಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಹಾಗಾಗಿ ನಡು ಮಧ್ಯಾಹ್ನಕ್ಕೆ ಬೇಕಾದದ್ದು ಕದ ಮುಚ್ಚಿದ ಕತ್ತಲೆ ಕೋಣೆ.

ತಾತನ ಲೆಕ್ಕ ಇದು. ಹೊತ್ತು ಮುಳುಗಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾಯಿತು ಅನ್ನಿಸಿದ ಕೂಡಲೇ ಎಲ್ಲ ಕಿಂಡಿ ತೆರೆಯಬೇಕು. ರಾತ್ರಿಯೆಲ್ಲ ಗೋಡೆ ತಣ್ಣನೆ ಗಾಳಿ ಕುಡಿಯಲಿ. ಬೆಳಗ್ಗೆ ಎಮ್ಮೆ ಕರೆದು, ರೊಟ್ಟಿ ತಿಂದು, ಎಂಟು ಎಂಟೂವರೆಗೆ ಮೂಡಲ ಕದ ಹಾಕಬೇಕು. ಒಂಬತ್ತಕ್ಕೆ ಪಡುವಲ ಕದ. ಬೆಳಕಿಂಡಿ ಮಾತ್ರ ಹಗಲೂ ರಾತ್ರಿ ತೆರೆದಿರಬೇಕು, ಬಿಸಿ ಗಾಳಿ ಮೇಲಕ್ಕೆ ಏರುವುದರಿಂದ ಅದು ಹೋಗಲು ದಾರಿ ಬೇಕು. ದಪ್ಪ ಗೋಡೆ ತಣ್ಣಗಾಗಲು ಹೇಗೆ ಹೊತ್ತು ಹಿಡಿಯುತ್ತದೋ ಬಿಸಿಯಾಗಲೂ ಹಾಗೇ ಹೊತ್ತು ಹಿಡಿಯುತ್ತದೆ. ಮೂರು ಗಂಟೆಗೆ ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟರೆ ಗೊತ್ತಾಗುತ್ತದೆ.

ಇದನ್ನು ಓದಿ ತಗಡಿನ ಶೆಡ್ಡಿನಲ್ಲಿರುವವರು ಕಿಟಕಿ ಮುಚ್ಚಿಕೊಂಡು ಕೂರಬೇಡಿ. ಮಣ್ಣಿನ ಮಾಳಿಗೆ, ದಪ್ಪ ಗೋಡೆಗೆ ಆಗುವ ಮಾತು ತಗಡಿಗೆ ಆಗುವುದಿಲ್ಲ. ತಗಡು ಹತ್ತು ಗಂಟೆಗೇ ಕಾದು ಕೆಳಗಿನ ಗಾಳಿಯನ್ನು ಬೇಯಿಸುತ್ತದೆ, ಕಿಟಕಿ ಮುಚ್ಚಿದರೆ ಒಲೆಯ ಬಾಯಿ ಮುಚ್ಚಿದ ಹಾಗೆ. ಅಲ್ಲಿ ಗಾಳಿ ಆಡುತ್ತಲೇ ಇರಬೇಕು, ಮೇಲೆ ತಗಡಿಗೆ ಬಿಳಿ ಸುಣ್ಣ ಬಳಿಯಬೇಕು. 2010ರ ಬಿಸಿಗಾಳಿಗೆ ಅಹಮದಾಬಾದಿನಲ್ಲಿ ತುಂಬಾ ಜನ ಸತ್ತ ಮೇಲೆ ಆ ನಗರ 2013ರಲ್ಲಿ ಬೇಸಿಗೆಗೆಂದೇ ಒಂದು ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ಮೇಲ್ಛಾವಣಿಗೆ ಬಿಳಿ ಬಳಿಯುವುದೂ ಅದರಲ್ಲಿ ಸೇರಿತು. ಬಿಳಿ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಅಷ್ಟೇ ಅದರ ಗುಟ್ಟು. ನಮ್ಮ ಮುಂದಿನ ತಗಡಿಗೂ ಈ ಸಲ ಎರಡು ಕೈ ಸುಣ್ಣ ಬಳಿದೆವು.

ಪಡುವಲ ಕಿಟಕಿಗೆ ಹೊರಗಿನಿಂದ ತಟ್ಟಿಯೂ ಕಟ್ಟಿದೆವು. ಪರದೆ ಒಳಗೆ ಕಟ್ಟಿದರೆ ಬಿಸಿಲು ಒಳಗೆ ಬಂದ ಮೇಲೆ ತಡೆದಂತಾಯಿತು, ಬಿಸಿ ಆಗಲೇ ಕೋಣೆಗೆ ಸೇರಿರುತ್ತದೆ. ಹೊರಗೆ ಒಂದು ಮೊಳ ದೂರದಲ್ಲಿ ನೆರಳು ಬಿದ್ದರೆ ಕದವೇ ಕಾಯುವುದಿಲ್ಲ. ಎರಡು ಬಿದಿರು ನೆಟ್ಟು, ಜೋಳದ ದಂಟನ್ನು ಹಗ್ಗದಲ್ಲಿ ಹೆಣೆದು ನೇತುಹಾಕಿದೆವು. ಸಂಜೆ ಸುತ್ತಿ ಮೇಲಕ್ಕೆ ಎತ್ತಬಹುದು.

ಒದ್ದೆ ಗೋಣಿ ಚೀಲದ ವಿಷಯಕ್ಕೆ ಮನೆಯಲ್ಲಿ ವಾದ ನಡೆಯಿತು. ಗೋಣಿ ನೆನೆಸಿ ಕಿಟಕಿಗೆ ಕಟ್ಟಿದರೆ ತಂಪಾಗುತ್ತದೆ ಅಂತ ಅಮ್ಮ, ಸುಮ್ಮನೆ ಉಬ್ಬಸ ಅಂತ ಅಪ್ಪ. ಇಬ್ಬರ ಮಾತೂ ಸರಿ, ವರ್ಷ ಬೇರೆ ಬೇರೆ. ಸುತ್ತ ಗದ್ದೆಯಲ್ಲಿ ನೀರಿದ್ದಾಗ ಗಾಳಿಯೇ ತೇವ ಇರುತ್ತದೆ, ಗೋಣಿಯ ನೀರು ಬೇಗ ಆರುವುದಿಲ್ಲ, ಆರದಿದ್ದರೆ ತಂಪಿಲ್ಲ. ಈ ವರ್ಷದಂತೆ ಒಣ ಗಾಳಿ ಇದ್ದರೆ ನೀರು ಆರುತ್ತಾ ಆರುತ್ತಾ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಸಂಜೆ ಪಡುವಲ ಕದ ತೆರೆದ ಮೇಲೆ ಅಲ್ಲಿ ಗೋಣಿ ಕಟ್ಟಿ ಎರಡು ಚೊಂಬು ನೀರು ಎರಚುವುದು ಅಂತ ತೀರ್ಮಾನ ಆಯಿತು. ದೂಳನ್ನೂ ಅದು ಹಿಡಿಯುತ್ತದೆ. ಬಿರಿದ ಹೊಲದಿಂದ ಈ ಸಲ ಬರುವ ದೂಳು ನೋಡಿದರೆ ನಿಮಗೇ ತಿಳಿಯುತ್ತದೆ.

ನೀರಿಲ್ಲದ್ದರಿಂದ ಒಂದು ಲಾಭ, ಸೊಳ್ಳೆ ಕಡಿಮೆ. ಕಡಿಮೆ ಅಂದೆವು, ಇಲ್ಲ ಅನ್ನಲಿಲ್ಲ, ಎಮ್ಮೆಯ ಗಂಜಲದ ಗುಂಡಿ ಇದೆಯಲ್ಲ. ಜಾಲರಿ ಹಾಕಿದೆವು. ಪೂರ್ತಿ ನೈಲಾನ್ ಜಾಲರಿ ಹಾಕಿದರೆ ಇಲಿ ಒಂದೇ ರಾತ್ರಿಯಲ್ಲಿ ಕಡಿಯುತ್ತದೆ. ಕೆಳಗಿನ ಒಂದು ಅಡಿಗೆ ಕಬ್ಬಿಣದ ಜಾಲರಿ, ಮೇಲೆ ನೈಲಾನ್. ಮೊಳೆ ಹೊಡೆಯದೆ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದೆವು, ವಾರಕ್ಕೊಮ್ಮೆ ಬಿಚ್ಚಿ ತೊಳೆಯಲು. ದೂಳು ತುಂಬಿದ ಜಾಲರಿಯಲ್ಲಿ ಗಾಳಿ ನುಸುಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಜಾಲರಿ ಹಾಕಿಸಿದ ದಿನದಿಂದ ಅದಕ್ಕೆ ನೀರು ಮುಟ್ಟಿಸಿರುವುದಿಲ್ಲ, ಆಮೇಲೆ ಸೆಕೆ ಸೆಕೆ ಅನ್ನುತ್ತಾರೆ.

ಕಟ್ಟಿಗೆಗೆ ಗೆದ್ದಲು ಹತ್ತಿತ್ತು. ಮೂಡಲ ಚೌಕಟ್ಟಿನ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಕೆಟ್ಟ ಭಾಗ ಕೆತ್ತಿ, ಬೇವಿನೆಣ್ಣೆ ಕುಡಿಸಿ, ಗುಂಡಿ ಬಿದ್ದಲ್ಲಿ ಕಟ್ಟಿಗೆ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿದೆವು. ಊರಲ್ಲಿ ಎಲ್ಲರೂ ಟ್ರ್ಯಾಕ್ಟರಿನ ಹಳೇ ಎಂಜಿನ್ ಆಯಿಲ್ ಬಳಿಯುತ್ತಾರೆ. ಗೆದ್ದಲು ದೂರ ಇರುತ್ತದೆ ನಿಜ, ಆದರೆ ಮಲಗುವ ಕೋಣೆಯಲ್ಲಿ ಬಿಸಿಲಿಗೆ ಅದರ ವಾಸನೆ ಏಳುತ್ತದೆ, ಕೈಗೂ ಒಳ್ಳೆಯದಲ್ಲ. ಹೊರಗಿನ ಕಂಬಗಳಿಗೆ ಬಳಿದೆವು, ಕಿಟಕಿಗೆ ಬೇಡ ಅಂದೆವು.

ಕೆಲಸದ ನಡುವೆ ಬೇವಿನ ನೆರಳಲ್ಲಿ ಕೂತು ಗುಡ್ಡದ ಕಡೆ ನೋಡುತ್ತಾ ಒಂದು ಮಾತು ಬಂತು. ನಮ್ಮ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅಗೆಸಿದಾಗ ಹೊಸ ಶಿಲಾಯುಗದವರ ದುಂಡನೆಯ ಗುಡಿಸಲುಗಳ ನೆಲೆ ಸಿಕ್ಕಿತು. ಮೂರೂವರೆ ಸಾವಿರ ವರ್ಷದ ಹಿಂದಿನ ಮಾತು. ಪುಣೆಯ ಡೆಕ್ಕನ್ ಕಾಲೇಜು ಅದರ ಬಗ್ಗೆ 1965ರಲ್ಲಿ ಪುಸ್ತಕವನ್ನೇ ತಂದಿತು. ಕೆಳಗೆ ಇಷ್ಟು ಬಯಲು ಇರುವಾಗ ಅವರು ಬಂಡೆಗಳ ನಡುವೆ ಮೇಲೆ ಹೋಗಿ ಯಾಕೆ ಮನೆ ಕಟ್ಟಿಕೊಂಡರು ಅಂತ ನಾವು ಮಾತಾಡುತ್ತಿದ್ದೆವು. ತಾತ ಎಲೆ ಅಡಿಕೆ ಉಗುಳಿ ಹೇಳಿದ, "ಗಾಳಿಗೆ. ಮತ್ಯಾಕ?" ಪಂಡಿತರು ಒಪ್ಪುತ್ತಾರೋ ಇಲ್ಲವೋ, ತಾತನಿಗೆ ಅನುಮಾನವೇ ಇಲ್ಲ.

ಮೂರು ದಿನದ ಕೆಲಸ. ಮಾಮನ ಕೂಲಿ, ಜಾಲರಿ, ಸ್ಕ್ರೂ, ಸುಣ್ಣ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಅತ್ತೆ ಬಂದು ನೋಡಿದಳು. ಕಿಟಕಿ ನೋಡಲಿಲ್ಲ, ತಾತನ ಕೈ ನೋಡುತ್ತಿದ್ದಳು. ಅವನು ಹೊರಸಿನ ಮೇಲೆ ಕೂತು ಹಗ್ಗ ಎಳೆದು, ಕದ ಬಂದು ಪಟ್ಟಿಗೆ ಒರಗಿದ ಮೇಲೆ ಮುಷ್ಟಿಯಿಂದ ಕಟ್ಟಿಗೆ ತುಂಡು ತಟ್ಟಿದ. ಕೋಣೆ ಕತ್ತಲಾಯಿತು.

"ಇನ್ನೊಂದ್ಸಲ ಹಾಕು," ಅಂದಳು ಅತ್ತೆ. ಇನ್ನೊಂದು ಸಲ ಹಾಕಿದ.

ಅವಳು ಒಪ್ಪಿದಳು ಅಂತ ಹೇಳಲು ಬರುವುದಿಲ್ಲ. ಷರತ್ತು ಹಾಕಿದಳು. ಮಧ್ಯಾಹ್ನ ಹನ್ನೆರಡಕ್ಕೊಂದು, ಮೂರಕ್ಕೊಂದು ಫೋನು. ಎತ್ತದಿದ್ದರೆ ಪಕ್ಕದ ಹೊಲದವರು ಹೋಗಿ ನೋಡಬೇಕು. ತಲೆದಿಂಬಿನ ಹತ್ತಿರ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದ ಬಾಟಲಿ, ದಿನಾ ಹೊಸದು. ಚಮಚ ಅಂದರೆ ಚಹಾ ಚಮಚ, ಉಪ್ಪು ಜಾಸ್ತಿ ಆಗಬಾರದು. ತಲೆ ತಿರುಗಿದರೆ, ಬೆವರು ನಿಂತು ಮೈ ಸುಟ್ಟರೆ, ಮಾತು ತೊದಲಿದರೆ ಕಾಯಬಾರದು, ಮೈಗೆ ನೀರು ಹಾಕುತ್ತಲೇ 108ಕ್ಕೆ ಫೋನು ಮಾಡಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಸುರಿಯಬಾರದು. ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದೆವು. ತಾತನಿಗೆ ಓದಲು ಬರುವುದಿಲ್ಲ, ಆದರೆ ಪಕ್ಕದ ಹೊಲದ ಹುಡುಗನಿಗೆ ಬರುತ್ತದೆ.

ಬೆಳಕಿಂಡಿಯ ಕೆಲಸ ಮಾತ್ರ ಹಾಗೇ ಉಳಿದಿದೆ. ಅಲ್ಲಿಗೂ ಜಾಲರಿ ಹಾಕಬೇಕೆಂದು ಏಣಿ ಇಟ್ಟು ಹತ್ತಿದರೆ ಒಳಗೆ ಗುಬ್ಬಿ ಗೂಡು, ಮೂರು ಮೊಟ್ಟೆ. ತಾತ ಕೆಳಗಿನಿಂದಲೇ ಕೂಗಿದ, "ಮುಟ್ಟಬ್ಯಾಡ್ರಿ, ಇಳೀರಿ." ಮರಿಯಾಗಿ ಹಾರಿ ಹೋಗುವವರೆಗೆ ಅವನು ಸೊಳ್ಳೆ ಪರದೆ ಕಟ್ಟಿಕೊಂಡು ಮಲಗುತ್ತಾನಂತೆ. ಅಳತೆಗೆ ಕತ್ತರಿಸಿದ ಜಾಲರಿಯ ತುಂಡನ್ನು ಸುತ್ತಿ ಬಾಗಿಲ ಮೂಲೆಯಲ್ಲಿ ನಿಲ್ಲಿಸಿ ಬಂದಿದ್ದೇವೆ.